ಹಾಡಿದರೆ ಹೊಟ್ಟೆ ತುಂಬೀತೇ? ಪ್ರೌಢಶಾಲೆಯ ಒಂದು ತಪ್ಪು ಲೆಕ್ಕ

ಪ್ರೌಢಶಾಲೆಯ ವೃತ್ತಿ ಮಾರ್ಗದರ್ಶನ ಸಂಘ ಮತ್ತು ವಿದ್ಯಾರ್ಥಿಗಳ ಸಂಗೀತ ತಂಡ, ಇವೆರಡೂ ಪಠ್ಯದ ಹೊರಗೆ ನಡೆಯುವ ಚಟುವಟಿಕೆಗಳು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಎರಡಕ್ಕೂ ಒಂದು ಅಂಕವೂ ಇಲ್ಲ. ಆದರೂ ಎರಡಕ್ಕೆ ಸಿಗುವ ಮರ್ಯಾದೆ ಬೇರೆ ಬೇರೆ. ಮೊದಲನೆಯದು ಮಗುವಿನ ಬದುಕಿಗೆ ದಾರಿ ತೋರಿಸುತ್ತದೆ, ಎರಡನೆಯದು ಹೊತ್ತು ಕಳೆಯುತ್ತದೆ ಎಂಬ ಮಾತನ್ನು ಪೋಷಕರು, ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ಅಧಿಕಾರಿಗಳು ಬಹುಮಟ್ಟಿಗೆ ಒಪ್ಪಿಕೊಂಡಿದ್ದಾರೆ. ಮಾಗಡಿ ತಾಲ್ಲೂಕಿನ ಕಲ್ಯದಂಥ ಊರುಗಳಲ್ಲಿ ಅದೇ ಮಾತು ಇನ್ನೂ ಮೊಟಕಾಗಿ ಬರುತ್ತದೆ: ಹಾಡಿದರೆ ಹೊಟ್ಟೆ ತುಂಬೀತೇ? ಈ ಲೆಕ್ಕ ಎರಡೂ ಕಡೆ ತಪ್ಪಿದೆ. ವೃತ್ತಿ ಮಾರ್ಗದರ್ಶನ ಈಗ ನಡೆಯುವ ರೀತಿಯಲ್ಲಿ ಮಗುವಿಗೆ ದುಡಿಮೆಯ ಪರಿಚಯವನ್ನೇ ಮಾಡಿಸುವುದಿಲ್ಲ. ಸಂಗೀತ ತಂಡ ಸರಿಯಾಗಿ ನಡೆದರೆ ಆ ಪರಿಚಯ ತಾನಾಗಿ ಆಗುತ್ತದೆ. ಶಾಲೆ ದಾರಿ ಎಂದು ತಿಳಿದದ್ದು ಬರಿಯ ಕೈಮರ. ಕಾಲಹರಣ ಎಂದು ತಿಳಿದದ್ದೇ ನಡಿಗೆ.

ಪೂರ್ವಪಕ್ಷ

ಖಂಡಿಸಬೇಕಾದ ನಂಬಿಕೆಯನ್ನು ಮೊದಲು ಪೂರ್ತಿಯಾಗಿ ಎತ್ತಿ ಹೇಳಬೇಕು. ಅದು ಬುಡವಿಲ್ಲದ ನಂಬಿಕೆಯೇನೂ ಅಲ್ಲ. ಅದು ನಾಲ್ಕು ಕಾಲುಗಳ ಮೇಲೆ ನಿಂತಿದೆ.

ಒಂದು, ಹೊತ್ತು ಸಾಲದು. ಹತ್ತನೇ ತರಗತಿಯ ಮಗುವಿಗೆ ಬೆಳಗ್ಗೆಯೂ ಸಂಜೆಯೂ ವಿಶೇಷ ತರಗತಿ. ವರ್ಷದ ಕೊನೆಗೆ ಒಂದರ ಹಿಂದೊಂದು ಪೂರ್ವಸಿದ್ಧತಾ ಪರೀಕ್ಷೆ. ಇದರ ನಡುವೆ ಹಾರ್ಮೋನಿಯಂ ಮುಂದೆ ಕೂರುವುದು ಉಳ್ಳವರ ಮಕ್ಕಳ ಸುಖ. ಎರಡು, ಸಂಗೀತ ಅನ್ನ ಕೊಡುವುದಿಲ್ಲ. ನೂರು ಜನ ಹಾಡಿದರೆ ಒಬ್ಬರ ಹೆಸರು ಕೇಳಿಬರುತ್ತದೆ, ಉಳಿದವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಮೂರು, ಮುಂದೇನು ಎಂದು ಹೇಳುವವರಿಲ್ಲದೆ ಹಳ್ಳಿಯ ಮಕ್ಕಳು ಕಂಗಾಲಾಗುತ್ತಾರೆ. ಅಪ್ಪ ಅಮ್ಮ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದ್ದರಿಂದ ಮಾಹಿತಿ ಕೊಡುವುದು ಶಾಲೆಯ ಮೊದಲ ಕರ್ತವ್ಯ. ನಾಲ್ಕನೆಯದನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ, ಆದರೆ ಎಲ್ಲಕ್ಕಿಂತ ಗಟ್ಟಿಯಾದ ಕಾಲು ಅದೇ. ಬಡಿಯುವುದು, ಊದುವುದು, ಪದ ಹೇಳಿ ಕಾಳು ಪಡೆಯುವುದು ಕೆಲವು ಜಾತಿಗಳ ಮೇಲೆ ಹೇರಿದ ಕೆಲಸವಾಗಿತ್ತು. ಅದರಿಂದ ಬಿಡಿಸಿಕೊಳ್ಳಲೆಂದೇ ಆ ಮನೆಗಳು ಮಕ್ಕಳನ್ನು ಶಾಲೆಗೆ ಕಳಿಸಿದವು. ಅಂಥ ಮಗುವಿನ ಕೈಗೆ ಶಾಲೆಯೇ ಮತ್ತೆ ತಮಟೆ ಕೊಡುವುದು ಎಷ್ಟು ಸರಿ?

ಮೊದಲ ಎರಡು ವಾದಗಳು ಲೆಕ್ಕ ಹಾಕದೆ ಆಡಿದವು. ಮೂರನೆಯದು ಅರ್ಧ ನಿಜ. ನಾಲ್ಕನೆಯದಕ್ಕೆ ಮಾತ್ರ ತಲೆಬಾಗಿ ಉತ್ತರ ಹೇಳಬೇಕು. ಆದರೆ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡರೂ ಸಂಗೀತ ತಂಡ ಬೇಡ, ಮಾರ್ಗದರ್ಶನವೊಂದೇ ಸಾಕು ಎಂಬ ತೀರ್ಮಾನ ಹೊರಡುವುದಿಲ್ಲ.

ಒಂದು ದಿನದ ಮಾರ್ಗದರ್ಶನ

ಶಾಲೆಯಲ್ಲಿ ವೃತ್ತಿ ಮಾರ್ಗದರ್ಶನ ಇರಬೇಕೆಂಬುದು ಹೊಸ ಮಾತಲ್ಲ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1952-53ರಲ್ಲೇ ತರಬೇತಾದ ಮಾರ್ಗದರ್ಶನಾಧಿಕಾರಿಗಳೂ ವೃತ್ತಿ ಶಿಕ್ಷಕರೂ ಪ್ರೌಢಶಾಲೆಗಳಿಗೆ ಬೇಕೆಂದು ಹೇಳಿತ್ತು. 1964-66ರ ಕೊಠಾರಿ ಆಯೋಗ ಅಷ್ಟು ಜನ ಸಿಗಲಾರರೆಂದು ಅರಿತು, ಕನಿಷ್ಠ ಹತ್ತು ಶಾಲೆಗಳಿಗೆ ಒಬ್ಬ ಸಲಹೆಗಾರನಾದರೂ ಇರಲಿ ಎಂದಿತು. ಎರಡು ವರದಿಗಳೂ ಕೇಳಿದ್ದು ವರ್ಷವಿಡೀ ಮಗುವಿನ ಜೊತೆಗಿರುವ ಮನುಷ್ಯನನ್ನು. ಶಾಲೆಗಳಿಗೆ ಸಿಕ್ಕಿದ್ದು ಒಂದು ಕಾರ್ಯಕ್ರಮ.

ಆ ಕಾರ್ಯಕ್ರಮದ ರೂಪ ಎಲ್ಲರಿಗೂ ಗೊತ್ತು. ‘ಎಸ್‌ಎಸ್‌ಎಲ್‌ಸಿ ನಂತರ ಮುಂದೇನು’ ಎಂಬ ಬ್ಯಾನರ್, ಒಬ್ಬ ಸಂಪನ್ಮೂಲ ವ್ಯಕ್ತಿ, ದೀಪ ಬೆಳಗುವುದು, ಎರಡು ಗಂಟೆಯ ಭಾಷಣ, ವಂದನಾರ್ಪಣೆ. ಗೋಡೆಯ ಮೇಲೆ ಬಾಣದ ಗುರುತುಗಳ ಒಂದು ಪಟ್ಟಿ: ಪಿಯುಸಿಯಲ್ಲಿ ಕಲಾ, ವಾಣಿಜ್ಯ, ವಿಜ್ಞಾನ; ಇನ್ನೊಂದು ಬಾಣ ಐಟಿಐಗೆ; ಮತ್ತೊಂದು ಮೂರು ವರ್ಷದ ಡಿಪ್ಲೊಮಾಕ್ಕೆ. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಕೊರತೆ ಇರುವುದು ಬೇರೆ ಕಡೆ. ಪಟ್ಟಿ ಕೋರ್ಸಿನ ಹೆಸರು ಹೇಳುತ್ತದೆ, ಕೆಲಸದ ಒಳಗನ್ನು ತೋರಿಸುವುದಿಲ್ಲ. ಫಿಟ್ಟರ್ ಎಂದರೆ ದಿನಕ್ಕೆ ಎಂಟು ಗಂಟೆ ಏನು ಮಾಡುವವನು, ಯಾರ ಜೊತೆ ಮಾಡುವವನು, ತಪ್ಪಿದರೆ ಏನಾಗುತ್ತದೆ, ಯಾವ ಸ್ವಭಾವದವರಿಗೆ ಅದು ಒಗ್ಗುತ್ತದೆ ಎಂಬುದು ಬಾಣದ ತುದಿಯಲ್ಲಿ ಬರೆಯುವಂಥದ್ದಲ್ಲ.

ಇದರ ವಿಚಿತ್ರ ಈ ಜಿಲ್ಲೆಯಲ್ಲಿ ಎದ್ದು ಕಾಣುತ್ತದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆ ಕೆಲಸಗಳ ಪ್ರದರ್ಶನಾಲಯದಂತಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ಗೂಡು ಕೊಂಡವರು ಅದೇ ಊರಿನ ಬೀದಿಗಳಲ್ಲಿ ನೂಲು ಬಿಚ್ಚುತ್ತಾರೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗು ಒತ್ತಿ ಬಣ್ಣ ಹಿಡಿಸುವ ಗೊಂಬೆ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಿಡದಿಯ ಟೊಯೊಟಾ ಕಾರ್ಖಾನೆಯ ಆವರಣದಲ್ಲಿ 2007ರಿಂದ ಒಂದು ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಹತ್ತನೇ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳನ್ನು ಆರಿಸಿ ಮೂರು ವರ್ಷ ವಸತಿಯೊಂದಿಗೆ ಕಲಿಸುತ್ತದೆ. ಇಷ್ಟೆಲ್ಲ ಬಸ್ಸಿನ ದೂರದಲ್ಲಿದ್ದರೂ ಮಾರ್ಗದರ್ಶನದ ದಿನ ಮಗುವಿಗೆ ಸಿಗುವುದು ಇವುಗಳ ಹೆಸರು. ರೇಷ್ಮೆ ನೂಲು ಬಿಚ್ಚುವ ಘಟಕದ ಬಿಸಿನೀರಿನ ವಾಸನೆಯನ್ನಾಗಲಿ, ಕಡೆಯುವ ಯಂತ್ರದ ಮುಂದೆ ಕೈ ಎಷ್ಟು ನಿಧಾನವಾಗಿ ಚಲಿಸಬೇಕೆಂಬುದನ್ನಾಗಲಿ ಸಂಘ ತೋರಿಸಿ ಕಳಿಸುವುದಿಲ್ಲ.

ಪಟ್ಟಿಗೆ ಇನ್ನೊಂದು ಗುಣವಿದೆ, ಅದು ಸದ್ದಿಲ್ಲದೆ ಮಕ್ಕಳನ್ನು ವಿಂಗಡಿಸುತ್ತದೆ. ಅಂಕ ಹೆಚ್ಚು ಬಂದವರಿಗೆ ವಿಜ್ಞಾನ, ನಡುವಿನವರಿಗೆ ವಾಣಿಜ್ಯ, ಉಳಿದವರಿಗೆ ಕಲಾ ವಿಭಾಗ ಅಥವಾ ಐಟಿಐ. ಹುಡುಗಿಯಾದರೆ ನರ್ಸಿಂಗ್, ಟೈಲರಿಂಗ್, ಇಲ್ಲವೆ ಡಿ.ಎಡ್. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಾಣಗಳ ಕ್ರಮವೇ ಹೇಳುತ್ತದೆ. ಮಗುವಿನ ಕೈ, ಕಣ್ಣು, ಕಿವಿ, ಜೊತೆಯವರೊಡನೆ ಹೊಂದುವ ಬಗೆ ಇವು ಯಾವುವೂ ಈ ವಿಂಗಡಣೆಯ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅವನ್ನು ನೋಡುವ ಅವಕಾಶವೇ ಆ ಎರಡು ಗಂಟೆಗಳಲ್ಲಿಲ್ಲ. ಮಾಹಿತಿ ಬೇಕೆಂಬ ಮೂರನೆಯ ವಾದ ಅರ್ಧ ನಿಜವಾಗುವುದು ಇಲ್ಲಿಯೇ. ಮಾಹಿತಿ ಬೇಕು. ಆದರೆ ಮಾಹಿತಿಯನ್ನು ತನಗೆ ಹೊಂದಿಸಿಕೊಳ್ಳಲು ಮಗುವಿಗೆ ತನ್ನ ಬಗ್ಗೆ ಏನಾದರೂ ಗೊತ್ತಿರಬೇಕು. ಅದು ಗೊತ್ತಾಗುವುದು ಭಾಷಣ ಕೇಳುವುದರಿಂದಲ್ಲ, ಹೊಣೆ ಹೊತ್ತು ಏನನ್ನಾದರೂ ಮಾಡಿ ಮುಗಿಸುವುದರಿಂದ.

ತಂಡದ ಒಳಗೆ

ಶಾಲೆಯ ಸಂಗೀತ ತಂಡವನ್ನು ಹೊರಗಿನಿಂದ ನೋಡಿದವರಿಗೆ ಕಾಣುವುದು ಆಗಸ್ಟ್ 15ರ ಹತ್ತು ನಿಮಿಷ. ಒಳಗೆ ನಡೆಯುವುದು ಬೇರೆ.

ಹದಿನೈದು ಇಪ್ಪತ್ತು ಮಕ್ಕಳು ಒಟ್ಟಿಗೆ ಹಾಡಲು ಕೂತಾಗ ಎದುರಾಗುವ ಮೊದಲ ತೊಡಕು ಶ್ರುತಿಯದು. ಹೆಣ್ಣುಮಕ್ಕಳ ದನಿ ಐದು, ಐದೂವರೆ ಮನೆಯಲ್ಲಿ ಸಲೀಸಾಗಿ ಹರಿಯುತ್ತದೆ. ಗಂಡಸರ ದನಿ ಒಂದು, ಎರಡು ಮನೆಯಲ್ಲಿ. ಎಂಟು, ಒಂಬತ್ತನೇ ತರಗತಿಯ ಹುಡುಗರ ದನಿ ಆಗಷ್ಟೇ ಒಡೆಯುತ್ತಿರುತ್ತದೆ. ಜೂನ್‌ನಲ್ಲಿ ಎಟುಕಿದ ಮೇಲಿನ ಷಡ್ಜ ನವೆಂಬರ್‌ಗೆ ಎಟುಕುವುದಿಲ್ಲ. ಎಲ್ಲರಿಗೂ ಸುಖವಾದ ಶ್ರುತಿ ಎಂಬುದಿಲ್ಲ. ಎಲ್ಲರೂ ತುಸು ಕಷ್ಟಪಟ್ಟು ನಿಭಾಯಿಸಬಲ್ಲ ಶ್ರುತಿಯನ್ನು ಹುಡುಕಬೇಕು. ದನಿ ಒಡೆದ ಹುಡುಗ ಕೆಲವು ತಿಂಗಳು ತಾಳ ಹಿಡಿಯಬೇಕು ಅಥವಾ ಢೋಲಕ್ಕಿಗೆ ಹೋಗಬೇಕು. ನಿನ್ನೆಯವರೆಗೆ ಮುಂದೆ ನಿಂತು ಹಾಡುತ್ತಿದ್ದವನು ಇಂದು ಹಿಂದಿನ ಸಾಲಿಗೆ ಸರಿಯಬೇಕು. ಕೆಲಸದ ಜಾಗದಲ್ಲಿ ಮನುಷ್ಯ ಎದುರಿಸುವ ಅತಿ ಕಷ್ಟದ ಪಾಠಗಳಲ್ಲಿ ಇದೊಂದು. ಹದಿಮೂರರ ವಯಸ್ಸಿನಲ್ಲಿ, ಯಾವ ಸಂಬಳವೂ ಕಡಿತವಾಗದೆ, ಅದನ್ನು ಕಲಿಯಬಹುದು.

ಎರಡನೆಯದು ತಪ್ಪಿನ ಸ್ವರೂಪ. ಗಣಿತದ ಉತ್ತರಪತ್ರಿಕೆಯಲ್ಲಿ ಮಾಡಿದ ತಪ್ಪು ವಾರದ ನಂತರ ಕೆಂಪು ಶಾಯಿಯಲ್ಲಿ ಒಬ್ಬನಿಗೆ ಮಾತ್ರ ತಿಳಿಯುತ್ತದೆ. ತಾಳ ತಪ್ಪಿದರೆ ಆ ಕ್ಷಣದಲ್ಲಿ ಎಲ್ಲರಿಗೂ ತಿಳಿಯುತ್ತದೆ, ಹಾಡು ನಿಲ್ಲುವುದಿಲ್ಲ. ತಪ್ಪಿದವನು ಮುಂದಿನ ಆವರ್ತದ ಎತ್ತುಗಡೆಗೆ ಸೇರಿಕೊಳ್ಳಬೇಕು. ಜೊತೆಯವರು ಅವನಿಗೆ ಜಾಗ ಬಿಡಬೇಕು. ಮೂರನೆಯದು ಹೊಣೆಯ ಹಂಚಿಕೆ. ಸೊಲ್ಲು ಎತ್ತುವವರು ಒಬ್ಬರೋ ಇಬ್ಬರೋ, ಅದನ್ನು ಹಿಡಿದು ಹೇಳುವವರು ಹತ್ತು ಜನ. ಹಿಂದಿನ ಹತ್ತು ಜನ ಸೊರಗಿದರೆ ಮುಂದಿನವನ ಗಂಟಲು ಎಷ್ಟು ಚೆನ್ನಾಗಿದ್ದರೂ ಪದ ಏಳುವುದಿಲ್ಲ. ಸೋಬಾನೆಯಿಂದ ಕೋಲಾಟದವರೆಗೆ ಈ ಸೀಮೆಯ ಪದಗಳೆಲ್ಲ ಈ ಕಟ್ಟಿನವು. ಒಬ್ಬ ಬಾರದಿದ್ದರೆ ಅಭ್ಯಾಸ ಕುಂಟುತ್ತದೆ, ತಡವಾಗಿ ಬಂದರೆ ಇಪ್ಪತ್ತು ಜನ ಕಾಯುತ್ತಾರೆ.

ಹೊತ್ತಿಗೆ ಸರಿಯಾಗಿ ಬರುವುದು, ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದು, ಸಣ್ಣ ಪಾಲನ್ನೂ ಚೊಕ್ಕವಾಗಿ ಮಾಡುವುದು, ಬೇಸರ ಬಂದ ಮೇಲೂ ನೂರನೇ ಸಲ ಅದೇ ಚರಣ ಹೇಳುವುದು, ಕೊನೆಗೊಂದು ದಿನ ಅಪರಿಚಿತರ ಮುಂದೆ ಕೆಲಸ ಒಪ್ಪಿಸುವುದು. ಮಾರ್ಗದರ್ಶನದ ಭಾಷಣಕಾರ ‘ಉದ್ಯೋಗದಾತರು ಬಯಸುವ ಗುಣಗಳು’ ಎಂದು ಬೋರ್ಡಿನ ಮೇಲೆ ಬರೆಯುವುದು ಇವನ್ನೇ. ಬರೆದು ಅಳಿಸಿ ಹೋಗುತ್ತಾನೆ. ಪಕ್ಕದ ಕೋಣೆಯಲ್ಲಿ ಅವೇ ಗುಣಗಳು ಬೆಳೆಯುತ್ತಿದ್ದರೆ ಅದಕ್ಕೆ ಕಾಲಹರಣ ಎಂಬ ಹೆಸರು.

ತಂಡ ಒಂದು ವಾರದ ತರಾತುರಿಯಾಗದೆ ಒಂದು ಋತುವಿನ ಕೆಲಸವಾದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಉಡುಪಿಯ ಯಕ್ಷ ಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತದೆ; ಕಲಿತ ಮಕ್ಕಳು ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಶಾಲೆಗೊಂದು ಪ್ರಸಂಗ ಆಡುತ್ತಾರೆ. ಮೂರು ನಿಮಿಷದ ತುಣುಕಿನ ಬದಲು ಪ್ರಸಂಗ. ನೋಡುವವರು ತೀರ್ಪುಗಾರರ ಬದಲು ಊರಿನವರು. ಹೆಜ್ಜೆ, ಮಾತು, ತಾಳ ಮೂರನ್ನೂ ಹೊತ್ತ ಮಗು ಮುಂದೆ ಭಾಗವತನಾಗಬೇಕೆಂಬ ನಿರೀಕ್ಷೆ ಅಲ್ಲಿ ಯಾರಿಗೂ ಇಲ್ಲ. ಹೊತ್ತ ಹೊಣೆಯನ್ನು ಮುಗಿಸಿದೆನೆಂಬ ಅನುಭವ ಮಾತ್ರ ಎಲ್ಲರಿಗೂ ಸಿಗುತ್ತದೆ.

ಹೊಟ್ಟೆಪಾಡು

ಹಾಡಿದರೆ ಹೊಟ್ಟೆ ತುಂಬೀತೇ ಎಂದು ಕೇಳುವವರು ಒಂದು ಮಾತನ್ನು ಗಮನಿಸುವುದಿಲ್ಲ: ಬಾಣದ ಪಟ್ಟಿ ಓದಿದರೂ ತುಂಬುವುದಿಲ್ಲ. ಪ್ರಶ್ನೆಯನ್ನು ಸಂಗೀತಕ್ಕೆ ಮಾತ್ರ ಹಾಕುವುದು ಅನ್ಯಾಯ. ವಿಜ್ಞಾನ ಸಂಘದ ಇಪ್ಪತ್ತು ಮಕ್ಕಳಲ್ಲಿ ಒಬ್ಬರೂ ವಿಜ್ಞಾನಿಯಾಗದಿರಬಹುದು. ಸ್ಕೌಟ್ ಸೇರಿದವರಲ್ಲಿ ಒಬ್ಬರೂ ಸೈನ್ಯಕ್ಕೆ ಹೋಗದಿರಬಹುದು. ಅದಕ್ಕಾಗಿ ಅವುಗಳನ್ನು ಮುಚ್ಚಿರೆಂದು ಯಾರೂ ಹೇಳುವುದಿಲ್ಲ. ಸಂಗೀತ ತಂಡ ಮಾತ್ರ ತನ್ನ ಇಪ್ಪತ್ತೂ ಮಕ್ಕಳು ಗಾಯಕರಾಗುವ ಭರವಸೆ ಕೊಟ್ಟರೆ ಇರಬಹುದು, ಇಲ್ಲದಿದ್ದರೆ ಇಲ್ಲ.

ಇನ್ನು ಹಾಡಿ ಬದುಕಿದವರೇ ಇಲ್ಲವೆಂಬ ಮಾತು ಈ ಜಿಲ್ಲೆಯಲ್ಲಿ ನಿಲ್ಲದು. ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಇಬ್ಬರೂ ಜನಪದ ಗಾಯಕರಾಗಿ ನಾಡಿನ ಉದ್ದಗಲಕ್ಕೆ ಪರಿಚಿತರು. ಬಾನಂದೂರು ಬಿಡದಿಯ ಬಳಿಯದು, ಅಪ್ಪಗೆರೆ ಚನ್ನಪಟ್ಟಣದ ಬಳಿಯದು. ಆ ಹಳ್ಳಿಗಳ ಹೆಸರು ಹೊರಗಿನವರಿಗೆ ಗೊತ್ತಾದದ್ದು ಬಹುಮಟ್ಟಿಗೆ ಇವರ ದನಿಯಿಂದ. ಕರ್ನಾಟಕ ಜಾನಪದ ಪರಿಷತ್ತನ್ನು 1979ರಲ್ಲಿ ಕಟ್ಟಿ, ರಾಮನಗರದ ಹತ್ತಿರ ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಗೆ 1994ರಲ್ಲಿ ಜಾನಪದ ಲೋಕವನ್ನು ತೆರೆದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಮಾರ್ಗದರ್ಶನದ ಪಟ್ಟಿಯಲ್ಲಿ ಎಲ್ಲ ಬಾಣಗಳ ತುದಿಗೆ ಇರುವ ಹುದ್ದೆ ಅದು. ಅಲ್ಲಿಗೆ ತಲುಪಿದವರು ಪದ ಹೇಳುವ ಮುದುಕಿಯರ ಮನೆ ಬಾಗಿಲಿಗೆ ಹೋಗಿ ಕೂತರು. ಜನ ಇಂದು ಅವರನ್ನು ನೆನೆಯುವುದು ಆ ಕೆಲಸಕ್ಕಾಗಿ.

ಸಂಗೀತದ ಸುತ್ತಲಿನ ಕೆಲಸಗಳು ಹಾಡುವವರಿಗಿಂತ ಹೆಚ್ಚು ಜನಕ್ಕೆ ಅನ್ನ ಕೊಡುತ್ತವೆ. ಧ್ವನಿಮುದ್ರಣ, ಮೈಕು, ಬೆಳಕು, ವಾದ್ಯಗಳ ರಿಪೇರಿ, ಸಂಗೀತ ಪಾಠ, ಬ್ಯಾಂಡ್, ಆರ್ಕೆಸ್ಟ್ರಾ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ, ಎರಡನ್ನೂ ನಡೆಸುವುದು ಸರ್ಕಾರವೇ. ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬಹುಕಾಲ ನಡೆಸಿದ್ದು ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ಮಂಡಳಿಯೇ. ಮಾರ್ಗದರ್ಶನದ ಪಟ್ಟಿಯಲ್ಲಿ ಇವುಗಳಿಗೆ ಒಂದು ಬಾಣವೂ ಇಲ್ಲದಿದ್ದರೆ ದೋಷ ಸಂಗೀತದ್ದಲ್ಲ, ಪಟ್ಟಿಯದು.

ಎಲ್ಲಕ್ಕಿಂತ ಸೋಜಿಗದ್ದು ದೊಡ್ಡವರ ನಡವಳಿಕೆ. ಮಾಗಡಿ, ಕುಣಿಗಲ್, ರಾಮನಗರದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇನ್ನೂ ಜೀವಂತ. ‘ಕುರುಕ್ಷೇತ್ರ’ ಆಡುವುದೆಂದರೆ ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ, ಹಾರ್ಮೋನಿಯಂ ಮೇಷ್ಟ್ರ ಬೈಗುಳ, ಸೀನರಿಯ ಬಾಡಿಗೆ. ಪಾತ್ರಧಾರಿ ಕೈಯಿಂದ ಹಣ ಕೊಟ್ಟು ಪಾತ್ರ ಹಿಡಿಯುತ್ತಾನೆ. ದುರ್ಯೋಧನನಿಗೆ ಒಂದು ದರ, ಧರ್ಮರಾಯನಿಗೆ ಇನ್ನೊಂದು. ಹೊಲ ಉತ್ತು ಬಂದ ಮನುಷ್ಯ ರಾತ್ರಿ ಹನ್ನೊಂದಕ್ಕೆ ರಾಗ ಹಿಡಿದು ಕಂದಪದ್ಯ ಹೇಳುತ್ತಾನೆ. ಅವನ ಬದುಕಿಗೆ ಅದು ಬೇಕು, ಇಲ್ಲದಿದ್ದರೆ ಕಾಸು ಬಿಚ್ಚುತ್ತಿರಲಿಲ್ಲ. ಅದೇ ಮನುಷ್ಯ ಶಾಲೆಯ ಸಭೆಯಲ್ಲಿ ಎದ್ದು ನಿಂತು ಮಕ್ಕಳಿಗೆ ಹಾಡುಪಾಡು ಏಕೆ ಎಂದು ಕೇಳುತ್ತಾನೆ. ನಲವತ್ತನೇ ವಯಸ್ಸಿನಲ್ಲಿ ದುಡ್ಡು ಕೊಟ್ಟು ಕಲಿಯುವುದನ್ನು ಹದಿನಾಲ್ಕರಲ್ಲಿ ದುಡ್ಡಿಲ್ಲದೆ ಕಲಿಯಬಹುದಿತ್ತೆಂಬುದು ಅವನಿಗೆ ಹೊಳೆಯುವುದಿಲ್ಲ.

ತಮಟೆ ಯಾರ ಕೈಗೆ

ನಾಲ್ಕನೆಯ ವಾದಕ್ಕೆ ಈಗ ಬರಬೇಕು. ತಮಟೆಯನ್ನು ತಲೆಮಾರುಗಳ ಕಾಲ ಒಂದು ಕೇರಿಯವರ ಕೈಗೆ ಕಟ್ಟಿಹಾಕಲಾಗಿತ್ತು. ಹಬ್ಬಕ್ಕೂ ಸಾವಿಗೂ ಬಡಿಯಬೇಕು, ಒಲ್ಲೆ ಎನ್ನುವಂತಿಲ್ಲ, ಕೊಟ್ಟಷ್ಟನ್ನು ಪಡೆಯಬೇಕು. ಅಂಥ ಮನೆಯ ತಂದೆ ತನ್ನ ಮಗ ಶಾಲೆಯಲ್ಲೂ ತಮಟೆ ಹಿಡಿದದ್ದನ್ನು ಕಂಡು ಸಿಟ್ಟಾದರೆ ಆ ಸಿಟ್ಟು ನ್ಯಾಯವಾದದ್ದು. ಶಾಲೆಗಳು ಇಲ್ಲಿ ತಪ್ಪನ್ನೂ ಮಾಡುತ್ತವೆ: ಜನಪದ ಮೇಳಕ್ಕೆ ತಂಡ ಕಟ್ಟುವಾಗ ತಮಟೆಗೆ ಆ ಕೇರಿಯ ಹುಡುಗರು, ಪ್ರಾರ್ಥನೆಗೆ ಬೇರೆ ಬೀದಿಯ ಹುಡುಗಿಯರು ಎಂದು ಹಂಚಿಬಿಡುತ್ತವೆ. ಅದು ಕಲೆಯ ಹೆಸರಿನಲ್ಲಿ ಹಳೆಯ ಬಿಟ್ಟಿಯ ಮುಂದುವರಿಕೆ.

ಆದರೆ ಆ ತಂದೆಯ ಸಿಟ್ಟಿಗೆ ಕಾರಣ ಬಲವಂತವೇ ಹೊರತು ವಾದ್ಯವಲ್ಲ. ವಾದ್ಯ ಯಾರಿಗೆ ಸಲ್ಲಬೇಕೆಂಬುದು ಮರ್ಯಾದೆಯ ಪ್ರಶ್ನೆ ಎಂಬುದನ್ನು ಕಲ್ಯದಷ್ಟು ಚೆನ್ನಾಗಿ ಬಲ್ಲ ಊರು ವಿರಳ. 1368ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಜೈನರು ದೂರು ತಂದರು. ಶ್ರೀವೈಷ್ಣವರೊಂದಿಗೆ ಎದ್ದ ಆ ವ್ಯಾಜ್ಯದಲ್ಲಿ ಅರಸ ಒಂದು ಪಕ್ಷದ ಕೈಯನ್ನು ಇನ್ನೊಂದರ ಕೈಯಲ್ಲಿಟ್ಟು ಎರಡು ದರ್ಶನಕ್ಕೂ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯಗಳೂ ಕಳಶವೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದ. ಆ ತೀರ್ಪಿನ ಕಲ್ಲು ಶ್ರವಣಬೆಳಗೊಳದಲ್ಲಿದೆ; ಅದರ ಇನ್ನೊಂದು ಪ್ರತಿ ಇರುವುದು ಕಲ್ಯದಲ್ಲಿ. ದೂರು ಕೊಟ್ಟ ಪಟ್ಟಣಗಳ ಹೆಸರುಗಳಲ್ಲಿ ಆನೆಗೊಂದಿ, ಪೆನುಗೊಂಡೆಗಳ ಜೊತೆ ಬರುವ ಕಲ್ಲೆಹವೇ ಇಂದಿನ ಕಲ್ಯ. ಒಂದು ಸಮುದಾಯದ ಮಾನವನ್ನು ಅಳೆದದ್ದು ಅದು ಯಾವ ವಾದ್ಯ ನುಡಿಸಬಹುದೆಂಬುದರಿಂದ. ಇಂಥ ಶಾಸನವಿರುವ ಊರಿನಲ್ಲಿ ವಾದ್ಯವನ್ನು ಹೊತ್ತು ಹೋಗದವರ ಆಟಿಕೆ ಎನ್ನುವುದು ಕಾಲಡಿಯ ಕಲ್ಲನ್ನೇ ಓದದ ಮಾತು.

ಕಲ್ಯಕ್ಕೆ ಇನ್ನೊಂದು ನಂಟೂ ಇದೆ. ಬಸವ ಪುರಾಣವನ್ನು ತೆಲುಗಿನಲ್ಲಿ ದ್ವಿಪದಿಯಲ್ಲಿ ಬರೆದ ಪಾಲ್ಕುರಿಕೆ ಸೋಮನಾಥ ಇಲ್ಲಿಯೇ ಐಕ್ಯನಾದನೆಂದು ಸಂಪ್ರದಾಯ. ಅಕ್ಷರ ಬಾರದವರೂ ಒಟ್ಟಾಗಿ ಹಾಡಬಹುದಾದ ಮಟ್ಟು ದ್ವಿಪದಿ. ಅವನ ಪಂಡಿತಾರಾಧ್ಯ ಚರಿತ್ರೆಯಲ್ಲಿ ರಾಗಗಳ, ವಾದ್ಯಗಳ ಉದ್ದನೆಯ ಪಟ್ಟಿಗಳೇ ಸಿಗುತ್ತವೆ. ಜಾತಿಯ ಕಟ್ಟನ್ನು ಸಡಿಲಿಸಹೊರಟ ಪಂಥ ಹಾಡನ್ನು ಕೈಬಿಡಲಿಲ್ಲ, ಎಲ್ಲರ ಬಾಯಿಗೆ ಹಾಕಿತು.

ನಾಲ್ಕನೆಯ ವಾದಕ್ಕೆ ಉತ್ತರವೂ ಇದೇ ದಿಕ್ಕಿನಲ್ಲಿದೆ. ತಂಡದಲ್ಲಿ ತಮಟೆ ಸರದಿಯ ಮೇಲೆ ಎಲ್ಲರ ಕೈಗೂ ಹೋಗಬೇಕು, ಹಾರ್ಮೋನಿಯಮ್ಮೂ ಹಾಗೆಯೇ. ಒಲ್ಲೆ ಎನ್ನುವ ಹಕ್ಕು ಪ್ರತಿ ಮಗುವಿಗೂ ಇರಬೇಕು. ಆ ಕೇರಿಯಿಂದ ಗುರು ಬಂದರೆ ಅವರಿಗೆ ಮೇಷ್ಟ್ರ ಕುರ್ಚಿ, ಮೇಷ್ಟ್ರ ಸಂಭಾವನೆ ಸಲ್ಲಬೇಕು. ಗೌಡರ ಮನೆಯ ಹುಡುಗಿ ತಮಟೆಯ ಪೆಟ್ಟನ್ನು ಆ ಗುರುವಿನಿಂದ ಕಲಿತಾಗ ಬಿಟ್ಟಿಯ ಹಗ್ಗ ಸಡಿಲವಾಗುತ್ತದೆ. ತಂಡವನ್ನೇ ಮುಚ್ಚಿದರೆ ಹಗ್ಗ ಹಾಗೆಯೇ ಉಳಿಯುತ್ತದೆ. ಶಾಲೆಯೊಳಗೆ ಕಾಣುವುದಿಲ್ಲ, ಅಷ್ಟೆ.

ಹಿತೈಷಿಗಳ ತಪ್ಪು

ಸಂಗೀತ ತಂಡಕ್ಕೆ ಅದರ ವಿರೋಧಿಗಳಿಂದ ಆದಷ್ಟೇ ಕೇಡು ಹಿತೈಷಿಗಳ ವಾದದಿಂದಲೂ ಆಗಿದೆ. ಸಂಗೀತ ಕಲಿತರೆ ಗಣಿತದಲ್ಲಿ ಅಂಕ ಏರುತ್ತದೆ, ಮೆದುಳು ಚುರುಕಾಗುತ್ತದೆ ಎಂಬುದು ಆ ವಾದ. ಇದರ ಮೂಲದಲ್ಲಿರುವುದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಪ್ರಯೋಗ. ಮೊಟ್ಸಾರ್ಟ್‌ನ ಸೊನಾಟಾ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಮನಸ್ಸಿನಲ್ಲಿ ಮಡಚಿ ನೋಡುವ ಒಂದು ಪರೀಕ್ಷೆಯಲ್ಲಿ ತುಸು ಮೇಲಾದರು. ಆ ಪರಿಣಾಮ ಕಾಲು ಗಂಟೆಯ ಒಳಗೆ ಇಳಿದುಹೋಯಿತು. ಮಕ್ಕಳ ಮೇಲೆ ಮಾಡಿದ್ದಲ್ಲ, ಸಂಗೀತ ಕಲಿಸಿ ಮಾಡಿದ್ದೂ ಅಲ್ಲ. ಅದನ್ನು ಹಿಡಿದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1998ರಲ್ಲಿ ಹಸುಳೆಗಳಿಗೆ ಸಂಗೀತದ ಮುದ್ರಿಕೆ ಹಂಚುವವರೆಗೆ ಹೋಯಿತು. ಅಂಕದ ಆಸೆ ತೋರಿಸಿ ಸಂಗೀತವನ್ನು ಉಳಿಸಹೊರಟರೆ, ಅಂಕ ಏರದ ದಿನ ಸಂಗೀತ ಬೀಳುತ್ತದೆ. ಗಣಿತ ಬೇಕಿದ್ದವರು ಗಣಿತವನ್ನೇ ಮಾಡುವುದು ಒಳ್ಳೆಯದು.

ಎರಡನೆಯ ತಪ್ಪು ಬಹುಮಾನದ್ದು. ಎರಡು ದಶಕಗಳಿಂದ ನಡೆಯುತ್ತಿರುವ ಪ್ರತಿಭಾ ಕಾರಂಜಿ ಕ್ಲಸ್ಟರಿನಿಂದ ರಾಜ್ಯದವರೆಗೆ ಏರುವ ಸ್ಪರ್ಧೆ. ಭಾವಗೀತೆ, ಜನಪದ ನೃತ್ಯ, ಕೋಲಾಟ, ಖವ್ವಾಲಿ, ಛದ್ಮವೇಷ ಎಂದು ಅದರಲ್ಲಿ ಬಗೆಬಗೆಯ ವಿಭಾಗಗಳಿವೆ. ಹಳ್ಳಿಯ ಮಗು ವೇದಿಕೆ ಹತ್ತಿದ್ದು ಅದರಿಂದಲೇ ಎಂಬುದನ್ನು ಮರೆಯಬಾರದು. ಆದರೆ ಅದು ಸಂಗೀತವನ್ನು ಅಳೆಯುವ ಏಕೈಕ ಕೋಲಾದಾಗ ತಂಡದ ಕೆಲಸ ಹಾಳಾಗುತ್ತದೆ. ಸ್ಪರ್ಧೆಗೆ ಹದಿನೈದು ದಿನ ಇರುವಾಗ ಮೊದಲೇ ಹಾಡಬಲ್ಲ ಐದು ಮಕ್ಕಳನ್ನು ಹೆಕ್ಕಿ, ಮೊಬೈಲಿನಲ್ಲಿ ಸಿಕ್ಕ ಹಾಡನ್ನು ಉರುಹೊಡೆಸಿ ಕಳಿಸುವುದು ರೂಢಿಯಾಗುತ್ತದೆ. ಕಲಿಯಬೇಕಾದವರು ಹೊರಗೆ, ಬಲ್ಲವರು ಒಳಗೆ. 1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾದ ಕೇರಳದ ಶಾಲಾ ಕಲೋತ್ಸವ ಇದರ ದೊಡ್ಡ ರೂಪ. ಕಾಸರಗೋಡಿನ ಮಕ್ಕಳ ಯಕ್ಷಗಾನಕ್ಕೆ ಅದು ವೇದಿಕೆ ಕೊಟ್ಟಿದೆ, ಅದು ಅದರ ಹೆಚ್ಚುಗಾರಿಕೆ. ಆದರೆ ಗ್ರೇಡಿಗೆ ಕೃಪಾಂಕ ಸೇರಿದೊಡನೆ ಪೋಷಕರ ಖರ್ಚು, ಮೇಲ್ಮನವಿ, ಮೊಕದ್ದಮೆಗಳೂ ಸೇರಿಕೊಂಡವು. ಅಂಕ ತಗುಲಿದ ಕಡೆ ಸಂಗೀತವೂ ಟ್ಯೂಷನ್ನಾಗುತ್ತದೆ.

ಹೊತ್ತಿನ ಲೆಕ್ಕ, ಜನದ ಲೆಕ್ಕ

ಉಳಿದದ್ದು ಹೊತ್ತು ಸಾಲದೆಂಬ ವಾದ. ವಾರಕ್ಕೆ 2 ಅವಧಿ, ಅವಧಿಗೆ 40 ನಿಮಿಷ, ವರ್ಷಕ್ಕೆ 30 ವಾರ ಎಂದಿಟ್ಟುಕೊಂಡರೆ ಸಂಗೀತ ತಂಡಕ್ಕೆ ಬೇಕಾಗುವುದು 40 ಗಂಟೆ. ದಿನಕ್ಕೆ ಒಂದೇ ಗಂಟೆಯ ವಿಶೇಷ ತರಗತಿ, ವಾರಕ್ಕೆ 6 ದಿನ, ಅದೇ 30 ವಾರ ನಡೆದರೆ 180 ಗಂಟೆ. ಬಹಳ ಶಾಲೆಗಳಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತೂ ನಡೆಯುತ್ತದೆ. ಅದೂ ಹತ್ತನೇ ತರಗತಿಗೆ ಮಾತ್ರ. ಎಂಟು, ಒಂಬತ್ತನೇ ತರಗತಿಗಳಿಗೆ ಆ ನೆಪವೂ ಇಲ್ಲ. ಮೂರು ವರ್ಷದಲ್ಲಿ ಎರಡು ವರ್ಷ ಬಿಡುವಿದ್ದು, ಮೂರನೆಯ ವರ್ಷದ ಅವಸರವನ್ನು ಮೂರಕ್ಕೂ ಹಚ್ಚುವುದು ಲೆಕ್ಕವಲ್ಲ, ಭಯ.

ನಿಜವಾದ ಕೊರತೆ ಕಲಿಸುವವರದು. ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಿರುತ್ತಾರೆ, ಕೆಲವು ಕಡೆ ಚಿತ್ರಕಲೆಯವರು. ಸಂಗೀತ ಶಿಕ್ಷಕರಿರುವ ಶಾಲೆ ಅಪರೂಪ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಯಾವ ಧಾಟಿಯಲ್ಲಿ ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು, ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಎಂದು 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಧಾಟಿಗೆ ಆದೇಶವಿದೆ, ಅದನ್ನು ಮಕ್ಕಳ ಗಂಟಲಿಗೆ ಇಳಿಸುವವರಿಗೆ ಹುದ್ದೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ-ವಿಜ್ಞಾನ, ಪಠ್ಯ-ಪಠ್ಯೇತರಗಳ ನಡುವೆ ಗೋಡೆ ಇರಬಾರದೆಂದಿತು. ಕರ್ನಾಟಕ ಆ ನೀತಿಯನ್ನು ಬಿಟ್ಟು 2023ರಲ್ಲಿ ತನ್ನದೇ ಆಯೋಗ ನೇಮಿಸಿತು. ನೀತಿ ಯಾವುದಾದರೂ ಗೋಡೆ ಇರುವುದು ಮನಸ್ಸಿನಲ್ಲಿ ಮತ್ತು ವೇಳಾಪಟ್ಟಿಯಲ್ಲಿ.

ಈ ಖಂಡನೆಯಿಂದ ವೃತ್ತಿ ಸಂಘವನ್ನು ಮುಚ್ಚಬೇಕೆಂಬ ತೀರ್ಮಾನ ಬರುವುದಿಲ್ಲ. ಅದು ಸಂಗೀತ ತಂಡ ನಡೆಯುವಂತೆ ನಡೆಯಬೇಕು. ವರ್ಷಕ್ಕೊಂದು ಭಾಷಣದ ಬದಲು ವಾರಕ್ಕೊಂದು ಕೂಟ; ಕೇಳುವುದರ ಬದಲು ಒಂದು ಕೆಲಸ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನೋಡಿ ಒಂದು ವಾರದ ದರ ಬರೆದು ತರುವುದು, ಗೊಂಬೆ ಕಡೆಯುವವರ ಪಕ್ಕ ನಾಲ್ಕು ಶನಿವಾರ ಕೂರುವುದು, ಶಾಲಾ ವಾರ್ಷಿಕೋತ್ಸವದ ಮೈಕು, ಬೆಳಕು, ಖರ್ಚಿನ ಲೆಕ್ಕವನ್ನು ಸಂಘವೇ ವಹಿಸಿಕೊಳ್ಳುವುದು. ಸಂಗೀತ ತಂಡವೂ ಬಾಗಿಲು ತೆರೆಯಬೇಕು: ಆರಿಸಿದ ಐವರ ಬದಲು ಬಂದವರೆಲ್ಲ, ಸ್ಪರ್ಧೆಯ ಮೂರು ನಿಮಿಷದ ಬದಲು ವರ್ಷಕ್ಕೊಮ್ಮೆ ಊರ ಮುಂದೆ ಒಂದು ಗಂಟೆ. ಸಂಗೀತ ಶಿಕ್ಷಕರ ಹುದ್ದೆ ಬರುವವರೆಗೆ ಕಲಿಸುವವರು ದೂರದಲ್ಲೇನೂ ಇಲ್ಲ. ನಾಟಕದ ಹಾರ್ಮೋನಿಯಂ ಮೇಷ್ಟ್ರು, ಸೋಬಾನೆ ಹೇಳುವ ಅಜ್ಜಿ, ಪೂಜಾ ಕುಣಿತದ ಗುರು ಇದೇ ಹಳ್ಳಿಗಳಲ್ಲಿದ್ದಾರೆ. ಅವರಿಗೆ ಗೌರವಧನ ಕೊಟ್ಟು ವಾರಕ್ಕೆ ಎರಡು ಅವಧಿ ಕರೆಯುವುದಕ್ಕೆ ತಗಲುವ ಹಣ ಮಾರ್ಗದರ್ಶನದ ಒಂದು ದಿನದ ಬ್ಯಾನರು, ಶಾಲು, ಹಾರ, ಊಟದ ಖರ್ಚನ್ನು ಬಹಳ ಮೀರುವುದಿಲ್ಲ.